ಗಣಿ ಕಾರ್ಮಿಕರ ಕೇರಿ ಮತ್ತು 'ಮುಗ್ಧ' ಕಲೆಯ ಪ್ರಶ್ನೆ

1

ದಲಿತ ವಿಮರ್ಶೆಗೆಂದೇ ಮೀಸಲಾದ ಸಂಚಿಕೆಯಲ್ಲಿ ಪೋಲೆಂಡಿನ ಕಲ್ಲಿದ್ದಲು ಗಣಿಗೆ ಏನು ಕೆಲಸ ಎಂದು ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ದಲಿತ ಲೇಖಕರ ಕೃತಿಗಳು ಬಂದಾಗಲೆಲ್ಲ ಅವುಗಳ ಬೆನ್ನಿಗೇ ಕೆಲವು ಮಾತುಗಳೂ ಬಂದಿವೆ. 'ಹಸಿಹಸಿ ಅನುಭವ', 'ಮಣ್ಣಿನ ವಾಸನೆ', 'ಒರಟು ಚೆಲುವು', 'ಸಹಜ ಕಸುವು'. ಇವೆಲ್ಲ ಹೊಗಳಿಕೆಗಳೇ. ಹೊಗಳಿದವರಲ್ಲಿ ಬಹಳಷ್ಟು ಜನ ಒಳ್ಳೆಯ ಮನಸ್ಸಿನವರೇ. ಆದರೆ ಈ ಹೊಗಳಿಕೆಯ ಪಟ್ಟಿಯಲ್ಲಿ ಎರಡು ಮಾತು ಹುಡುಕಿದರೂ ಸಿಕ್ಕುವುದು ಅಪರೂಪ. 'ಇವರು ಓದಿಕೊಂಡಿದ್ದಾರೆ' ಅನ್ನೋದು ಒಂದು. 'ಹೀಗೇ ಬರೀಬೇಕು ಅಂತ ಯೋಚನೆ ಮಾಡಿ ಬರೆದಿದ್ದಾರೆ' ಅನ್ನೋದು ಇನ್ನೊಂದು. ಅನುಭವ ಕೇರಿಯದು, ಆಲೋಚನೆ ಬೇರೆಯವರದು ಎಂಬ ಹಂಚಿಕೆಯೊಂದು ಸದ್ದಿಲ್ಲದೆ ನಡೆದುಹೋಗಿರುತ್ತದೆ. ಶರಣಕುಮಾರ ಲಿಂಬಾಳೆಯವರು 1996ರಲ್ಲಿ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರ ಕುರಿತು ಮರಾಠಿಯಲ್ಲಿ ಒಂದು ಪುಸ್ತಕವನ್ನೇ ತಂದರು. ಸೌಂದರ್ಯದ ಅಳತೆಗೋಲು ಯಾರ ಕೈಯಲ್ಲಿರಬೇಕು ಎಂಬ ಜಗಳ ಅಷ್ಟು ದೊಡ್ಡದು.

ಸಾಹಿತ್ಯದಲ್ಲಿ ಈ ಹಂಚಿಕೆ ಮರೆಯಲ್ಲಿ ನಡೆಯುತ್ತದೆ. ಚಿತ್ರಕಲೆಯಲ್ಲಿ ಹಾಗಲ್ಲ. ಅಲ್ಲಿ ಅದಕ್ಕೆ ಒಂದು ಅಧಿಕೃತ ಹೆಸರೇ ಇದೆ: 'ನಾಯಿವ್' ಕಲೆ. ಕನ್ನಡದಲ್ಲಿ ಹೇಳುವುದಾದರೆ 'ಮುಗ್ಧ' ಕಲೆ. ಕಲಾಶಾಲೆಯ ಮೆಟ್ಟಿಲು ಹತ್ತದೆ ಚಿತ್ರ ಬರೆದ ರೈತ, ಕೂಲಿ, ಗುಮಾಸ್ತರ ಕೆಲಸವನ್ನೆಲ್ಲ ಈ ಹೆಸರಿನ ಪೆಟ್ಟಿಗೆಯಲ್ಲಿ ಹಾಕಿಡುತ್ತಾರೆ. ಪೋಲೆಂಡಿನ ಕಾಟೊವಿಟ್ಸೆ ನಗರದಲ್ಲಿ ಹಳೆಯ ಗಣಿ ಕಾರ್ಮಿಕರ ವಸತಿಯೊಂದಿದೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಗಣಿಯ ಕಟ್ಟಡದೊಳಗೇ, ಒಂದು ಕಲಾ ಗ್ಯಾಲರಿ ಇದೆ. ಎರಡನ್ನೂ ಒಂದೇ ದಿನ ನೋಡಿದೆ. ಮೊದಲು ಕೇರಿ, ಆಮೇಲೆ ಗ್ಯಾಲರಿ. ಈ ಕ್ರಮದಲ್ಲಿ ನೋಡಿದರೆ 'ಮುಗ್ಧ' ಅನ್ನೋ ಪದ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಎಂಬುದನ್ನು ವಿವರಿಸುವುದಷ್ಟೇ ಈ ಲೇಖನದ ಉದ್ದೇಶ.

2

ಆ ವಸತಿಯ ಹೆಸರು ನಿಕಿಶೋವಿಯೆಟ್ಸ್. ಪೋಲೆಂಡಿನ ದಕ್ಷಿಣದಲ್ಲಿರುವ ಮೇಲಣ ಸಿಲೇಸಿಯಾ ಪ್ರಾಂತ್ಯ ಕಲ್ಲಿದ್ದಲಿನ ಸೀಮೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಜರ್ಮನ್ ಸಾಮ್ರಾಜ್ಯದೊಳಗಿತ್ತು. ಅಲ್ಲಿ ಗಣಿ ನಡೆಸುತ್ತಿದ್ದ ಗೀಷೆ ಎಂಬ ದೊಡ್ಡ ಕಂಪನಿ ತನ್ನ ಕೆಲಸಗಾರರಿಗೆ ಎರಡು ವಸತಿಗಳನ್ನು ಕಟ್ಟಿಸಿತು. 1907ರಿಂದ 1910ರೊಳಗೆ ಗಿಶೋವಿಯೆಟ್ಸ್. 1908ರಲ್ಲಿ ಶುರುವಾಗಿ 1919ರ ಹೊತ್ತಿಗೆ ಪೂರ್ತಿಯಾದದ್ದು ನಿಕಿಶೋವಿಯೆಟ್ಸ್. ಎರಡರ ನಕ್ಷೆಯನ್ನೂ ಹಾಕಿದವರು ಎಮಿಲ್ ಮತ್ತು ಗೆಯೊರ್ಗ್ ತ್ಸಿಲ್‌ಮಾನ್ ಎಂಬ ಸೋದರ ಸಂಬಂಧಿಗಳು, ಬರ್ಲಿನ್ ಬಳಿಯ ಶಾರ್ಲೊಟೆನ್‌ಬುರ್ಗಿನವರು. ಗಿಶೋವಿಯೆಟ್ಸ್ ತೋಟದ ಊರಿನ ಹಾಗೆ: ಬಿಡಿ ಮನೆ, ಮುಂದೆ ಹಿತ್ತಲು, ಅಧಿಕಾರಿಗಳಿಗೆ ಬೇರೆ ಬಂಗಲೆ. ನಿಕಿಶೋವಿಯೆಟ್ಸ್ ಹಾಗಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ಕುಟುಂಬಗಳನ್ನು ಕೂಡಿಸಬೇಕೆಂದು ಕಟ್ಟಿದ ಗಟ್ಟಿ ಕೆಂಪು ಇಟ್ಟಿಗೆಯ ಊರು.

ಒಂಬತ್ತು ದೊಡ್ಡ ಕಟ್ಟಡಗಳು. ಪ್ರತಿಯೊಂದೂ ಮೂರು ಅಂತಸ್ತು. ಪ್ರತಿಯೊಂದರ ನಡುವೆ ನಮ್ಮ ತೊಟ್ಟಿಮನೆಯ ಹಾಗೆ ಒಂದು ದೊಡ್ಡ ಅಂಗಳ. ಅಂಗಳಕ್ಕೆ ಹೋಗಲು ಇಟ್ಟಿಗೆಯ ಕಮಾನು. ಸುಮಾರು ಸಾವಿರ ಮನೆ. ಸಾಮಾನ್ಯವಾಗಿ ಒಂದೊಂದು ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ, ಸುಮಾರು 63 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಏಳು ಚದರಕ್ಕೆ ಸ್ವಲ್ಪ ಕಡಿಮೆ. ಅಂಗಳದಲ್ಲಿ ಆಗ ಹಂದಿ ಕಟ್ಟುವ ಗೂಡುಗಳಿದ್ದವು, ಎಲ್ಲರೂ ಸೇರಿ ಬಳಸುವ ರೊಟ್ಟಿಯ ಒಲೆಗಳಿದ್ದವು. ಊರೊಳಗೇ ಶಾಲೆ, ಅಂಗಡಿ, ಹೆಂಡದಂಗಡಿ, ಬಟ್ಟೆ ಒಗೆಯುವ ಮನೆ. 1914ರಲ್ಲಿ ಶುರುವಾದ ಸಂತ ಆನ್ನಾ ಚರ್ಚು ಯುದ್ಧದಿಂದಾಗಿ ನಿಂತು 1927ರಲ್ಲಿ ಪೂರ್ತಿಯಾಯಿತು. ಗಿಶೋವಿಯೆಟ್ಸ್‌ನಿಂದ ನಿಕಿಶೋವಿಯೆಟ್ಸ್ ದಾಟಿ ಹೋಗುವ ಪುಟ್ಟ ರೈಲೊಂದನ್ನು ಕಂಪನಿಯೇ ಹಾಕಿಸಿತ್ತು. ಅದಕ್ಕೆ ಟಿಕೆಟ್ ಇರಲಿಲ್ಲ. ಜನ ಅದನ್ನು 'ಬಾಲ್ಕನ್' ಎಂದು ಕರೆಯುತ್ತಿದ್ದರು. 1977ರವರೆಗೂ ಅದು ಓಡಿತು.

ಈಗ ಹೋಗಿ ನಿಂತರೆ ಕಣ್ಣಿಗೆ ಮೊದಲು ಬೀಳುವುದು ಕಿಟಕಿಗಳು. ಇಟ್ಟಿಗೆಯ ಕಿಟಕಿ ಚೌಕಟ್ಟಿಗೆಲ್ಲ ಕಡುಗೆಂಪು ಬಣ್ಣ ಬಳಿದಿದ್ದಾರೆ. ಒಂದು ಕಟ್ಟಡದ ಇಟ್ಟಿಗೆ ಕೆಲಸದ ಹಾಗೆ ಇನ್ನೊಂದರದಿಲ್ಲ. ಕಮಾನು ಬೇರೆ, ಬಾಗಿಲ ಮೇಲಿನ ಕುಸುರಿ ಬೇರೆ. ನೋಡಿದರೆ ಚೆಂದವೇ ಸರಿ. 2011ರಲ್ಲಿ ಪೋಲೆಂಡಿನ ರಾಷ್ಟ್ರಾಧ್ಯಕ್ಷರು ಇದನ್ನು ಆ ದೇಶದ ಅತಿ ದೊಡ್ಡ ದರ್ಜೆಯ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ಕಾಫಿ ಅಂಗಡಿಗಳು ಬಂದಿವೆ, ಕ್ಯಾಮೆರಾ ಹಿಡಿದ ಪ್ರವಾಸಿಗಳು ಬರುತ್ತಾರೆ.

ಈ ಚೆಂದದ ಮುಂದೆ ನಿಂತು ಕಂಪನಿ ಎಷ್ಟು ದೊಡ್ಡ ಮನಸ್ಸಿನದಪ್ಪಾ ಅಂತ ಅನ್ನಿಸಿಬಿಡುವ ಅಪಾಯವಿದೆ. ಗಣಿ ಕಂಪನಿಗೆ ಮನೆ ಅನ್ನೋದೂ ಒಂದು ಯಂತ್ರ. ಆಳವಾದ ಗಣಿಗೆ ಹೊತ್ತು ಹೊತ್ತಿಗೆ ಸರಿಯಾಗಿ ಇಳಿಯುವ, ಕೆಲಸ ಕಲಿತ, ಬಿಟ್ಟು ಹೋಗದ ಜನ ಬೇಕು. ಕೆಲಸದ ಯಜಮಾನನೇ ಮನೆಯ ಯಜಮಾನನೂ ಆದರೆ ಮುಷ್ಕರ ಹೂಡುವ ಮುಂಚೆ ಕಾರ್ಮಿಕ ಎರಡು ಸಲ ಯೋಚಿಸುತ್ತಾನೆ. ಇನ್ನು ಹೆಂಗಸರ ಪಾಡು. ಗಂಡಸು ಇದ್ದಲಲ್ಲಿ ಕಪ್ಪಾಗಿ ಬರುತ್ತಾನೆ. ಗಾಳಿಯಲ್ಲೂ ಮಸಿ. ಕಿಟಕಿ ಒರೆಸುವುದು, ಪರದೆ ಬೆಳ್ಳಗಿಡುವುದು, ಬಟ್ಟೆ ಒಗೆಯುವುದು, ರೊಟ್ಟಿ ಬೇಯಿಸುವುದು, ಹಂದಿ ಸಾಕುವುದು, ಇದೆಲ್ಲ ಸಂಬಳದ ಪುಸ್ತಕದಲ್ಲಿ ಬರೆಯದ ದುಡಿಮೆ. ಊರಿನ ಹಳೆಯ ಬಟ್ಟೆ ಒಗೆಯುವ ಮನೆ ಈಗ ಕಾಟೊವಿಟ್ಸೆಯ ಇತಿಹಾಸ ಮ್ಯೂಸಿಯಮ್ಮಿನ ಒಂದು ಶಾಖೆ. ಒಂದು ಕಡೆ ಒಗೆಯುವ ಸಾಮಾನು, ಬಟ್ಟೆಯನ್ನು ಹಿಂಡಿ ಒತ್ತುವ ದೊಡ್ಡ ರೋಲರುಗಳು. ಇನ್ನೊಂದು ಕಡೆ ಒಂದು ಕಾರ್ಮಿಕ ಕುಟುಂಬದ ಮನೆ ಇದ್ದ ಹಾಗೇ. ಅಲ್ಲೇ ಈ ಊರಿನ ಗಣಿ ಕಾರ್ಮಿಕರು ಬರೆದ ಚಿತ್ರಗಳು. ಒಗೆಯುವ ಕಲ್ಲೂ ಚಿತ್ರವೂ ಒಂದೇ ಸೂರಿನಡಿ ಇರುವುದು ನನಗೆ ಬಹಳ ಸರಿ ಎನ್ನಿಸಿತು.

3

ಚಿತ್ರಗಳಿಗೆ ಬರುವ ಮುಂಚೆ ಆ ಜನ ಯಾರು ಎನ್ನುವುದು ಗೊತ್ತಿರಬೇಕು. ಸಿಲೇಸಿಯಾದವರು ಎರಡು ದೊಡ್ಡ ರಾಷ್ಟ್ರಗಳ ನಡುವೆ ಸಿಕ್ಕಿಕೊಂಡವರು. ಜರ್ಮನ್ ಆಳ್ವಿಕೆಯ ವಿರುದ್ಧ 1919, 1920 ಮತ್ತು 1921ರಲ್ಲಿ ಮೂರು ಬಂಡಾಯಗಳಾದವು. 1921ರಲ್ಲಿ ಜನಮತ ಗಣನೆ ನಡೆಯಿತು. 1922ರಲ್ಲಿ ಪ್ರಾಂತ್ಯ ಎರಡು ಹೋಳಾಗಿ ನಿಕಿಶೋವಿಯೆಟ್ಸ್ ಇರುವ ಭಾಗ ಪೋಲೆಂಡಿಗೆ ಬಂತು. ಬಾವುಟ ಬದಲಾಯಿತು, ಬಂಡವಾಳ ಬದಲಾದದ್ದು ಬೇರೆ ದಾರಿಯಲ್ಲಿ: 1926ರಲ್ಲಿ ಹ್ಯಾರಿಮನ್ ಮತ್ತು ಅನಕೊಂಡ ಎಂಬ ಅಮೆರಿಕದ ಕುಳಗಳು ಗೀಷೆ ಗಣಿಯ ಮೇಲೆ ಹಿಡಿತ ಸಾಧಿಸಿದವು. 1939ರಲ್ಲಿ ನಾಜಿಗಳು ಬಂದರು. 1945ರ ನಂತರ ಗಣಿ ಸರ್ಕಾರದ್ದಾಯಿತು, ಕಮ್ಯುನಿಸ್ಟ್ ಕಾರ್ಯಕರ್ತನೊಬ್ಬನ ನೆನಪಿಗೆ ವಿಯೆಚೊರೆಕ್ ಗಣಿ ಎಂಬ ಹೆಸರು ಪಡೆಯಿತು. ಗಣಿಗೆ ಇಳಿಯುವ ಬಾವಿಗಳ ಹೆಸರೂ ಹೀಗೇ ಬದಲಾಗುತ್ತ ಹೋದವು. ಜರ್ಮನ್ ಶ್ರೀಮಂತ ರಿಖ್ಟ್‌ಹೋಫೆನ್ ಹೆಸರಿನಲ್ಲಿದ್ದ ಬಾವಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಹೆಸರಿಗೆ ಬಂತು. ಇಳಿಯುವವರು ಮಾತ್ರ ಅದೇ ಜನ.

ಅವರ ಮನೆಮಾತು ಸಿಲೇಸಿಯನ್. ಜರ್ಮನರ ಕಿವಿಗೆ ಅದು ಕೆಟ್ಟ ಪೋಲಿಶ್. ವಾರ್ಸಾದ ಪೋಲಿಶರ ಕಿವಿಗೆ ಜರ್ಮನ್ ಬೆರಕೆಯಾದ ಕೀಳು ಪೋಲಿಶ್. 2021ರ ಜನಗಣತಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಯಲ್ಲಿ ಸಿಲೇಸಿಯನ್ ಮಾತಾಡುತ್ತೇವೆ ಎಂದು ಬರೆಸಿದರು. ಅದನ್ನು ಪ್ರಾದೇಶಿಕ ಭಾಷೆ ಎಂದು ಒಪ್ಪುವ ಮಸೂದೆ 2024ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಅಧ್ಯಕ್ಷರು ಸಹಿ ಹಾಕದೆ ವಾಪಸ್ ಕಳಿಸಿದರು. ಪುಸ್ತಕದ ಭಾಷೆಯೆದುರು ಕೇರಿಯ ಮಾತನ್ನು ತಪ್ಪು ಎಂದೇ ಕೇಳಿಸಿಕೊಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಜಮಾನರು ಬದಲಾದರೂ ಕಾರ್ಮಿಕರ ಮನೆಗಳ ಮೇಲೆ ಅಧಿಕಾರ ಮಾತ್ರ ಅವರಿಗೆ ಬರಲಿಲ್ಲ. ಕಾರ್ಮಿಕರ ಹೆಸರಿನಲ್ಲೇ ಆಳುತ್ತಿದ್ದ ಸರ್ಕಾರ 1970ರ ದಶಕದಲ್ಲಿ ಗಿಶೋವಿಯೆಟ್ಸ್‌ನ ಬಹುಭಾಗವನ್ನು ಕೆಡವಿ ಕಾಂಕ್ರೀಟಿನ ಎತ್ತರದ ಕಟ್ಟಡಗಳನ್ನು ನಿಲ್ಲಿಸಿತು. ಇದೇ ಸೀಮೆಯ ಶೋಪಿಯೆನಿಟ್ಸೆಯಲ್ಲಿ ಹುಟ್ಟಿದ ಚಿತ್ರ ನಿರ್ದೇಶಕ ಕಾಜಿಮಿಯೆಶ್ ಕುಟ್ಸ್ 1980ರಲ್ಲಿ ಅದನ್ನೇ ವಸ್ತುವಾಗಿಟ್ಟುಕೊಂಡು 'ಒಂದೇ ಜಪಮಾಲೆಯ ಮಣಿಗಳು' ಎಂಬ ಅರ್ಥದ ಹೆಸರಿನ ಸಿನಿಮಾ ಮಾಡಿದ. ನಿವೃತ್ತನಾದ ಗಣಿ ಕಾರ್ಮಿಕನೊಬ್ಬ ತನ್ನ ಮನೆ ಬಿಟ್ಟು ಏಳುವುದಿಲ್ಲ ಎಂದು ಕೂತುಬಿಡುವ ಕಥೆ ಅದು.

4

ಈಗ ಚಿತ್ರಗಳ ಮಾತು. ನಿಕಿಶೋವಿಯೆಟ್ಸ್ ಇರುವ ಪ್ರದೇಶದ ಹೆಸರು ಯಾನೂಫ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಯೆಚೊರೆಕ್ ಗಣಿಯ ಸಾಂಸ್ಕೃತಿಕ ಕ್ಲಬ್ಬಿನಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕರು ಕೂತು ಚಿತ್ರ ಬರೆಯತೊಡಗಿದರು. ಇವರನ್ನು ಯಾನೂಫ್ ಗುಂಪು ಎನ್ನುತ್ತಾರೆ. ತೆಯೊಫಿಲ್ ಒಚೆಪ್ಕಾ, ಪಾವೆಲ್ ವ್ರೂಬೆಲ್, ಎವಾಲ್ಡ್ ಗಾವ್ಲಿಕ್, ಎರ್ವಿನ್ ಸೂಫ್ಕಾ ಇವರಲ್ಲಿ ಮುಖ್ಯರು. ಕಲಾಶಾಲೆಯ ಹೊರಗಿನವರು ಎಂದು ಹೇಳಿ ಇವರನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ರೂಢಿ. ಆದರೆ ಒಬ್ಬೊಬ್ಬರ ದಾರಿಯೂ ಬೇರೆ.

ಒಚೆಪ್ಕಾ (1891–1978) ಗಣಿಯ ವಿದ್ಯುತ್ ಕೇಂದ್ರದಲ್ಲಿ ಯಂತ್ರ ನಡೆಸುತ್ತಿದ್ದವನು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ ಗುಹ್ಯವಿದ್ಯೆಯ ಜರ್ಮನ್ ಪುಸ್ತಕಗಳ ರುಚಿ ಹತ್ತಿತು. ಜರ್ಮನಿಯ ವಿಟೆನ್‌ಬೆರ್ಗಿನಲ್ಲಿದ್ದ ಫಿಲಿಪ್ ಹೋಮಾನ್ ಎಂಬ ಗುರುವಿನ ಜೊತೆ ಕಾಗದ ಬರೆದುಕೊಂಡೇ ದೀಕ್ಷೆ ಪಡೆದ. ಚಿತ್ರ ಬರೆ ಎಂದು ಹೇಳಿದವನೂ ಆ ಗುರುವೇ. ಯಾನೂಫಿನಲ್ಲಿ ಇಂಥ ಓದಿನ ಕಾರ್ಮಿಕರ ಒಂದು ಸಣ್ಣ ಕೂಟವನ್ನೇ ಒಚೆಪ್ಕಾ ಕಟ್ಟಿದ್ದ. ಈತನ ಚಿತ್ರಗಳಲ್ಲಿ ಶನಿಗ್ರಹದ ಮೃಗಗಳಿವೆ, ದಟ್ಟವಾದ ವಿಚಿತ್ರ ಕಾಡುಗಳಿವೆ, ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್ ಇದ್ದಾನೆ. ಅವನ ಕಾಡುಗಳನ್ನು ನೋಡಿ ನನಗೆ ತೋಚಿದ್ದು ಇದು: ಕಲ್ಲಿದ್ದಲೆಂದರೆ ಸುಮಾರು 30 ಕೋಟಿ ವರ್ಷಗಳ ಹಿಂದೆ ಹೂತುಹೋದ ಕಾಡು. ಆ ಕಾಡನ್ನೇ ಸುಟ್ಟು ವಿದ್ಯುತ್ ತೆಗೆಯುವ ಜಾಗದಲ್ಲಿ ದುಡಿದವನು ಹೀಗೆ ಕಾಡು ಬರೆದರೆ ಅದನ್ನು ಮಕ್ಕಳಾಟ ಅನ್ನಬೇಕೆ, ತತ್ವಜಿಜ್ಞಾಸೆ ಅನ್ನಬೇಕೆ?

ಎವಾಲ್ಡ್ ಗಾವ್ಲಿಕ್ (1919–1993) ಹಿಡಿದದ್ದು ಇನ್ನೊಂದು ದಾರಿ. ಅವನಿಗೆ ನಿಕಿಶೋವಿಯೆಟ್ಸ್ ಒಂದೇ ಸಾಕು. ಅದರ ಬೀದಿ, ಅಂಗಳ, ಮದುವೆ, ನೆರೆಹೊರೆ, ಕೆಂಪು ಇಟ್ಟಿಗೆ. ಎರ್ವಿನ್ ಸೂಫ್ಕಾ (1936–2021) ಇವರಿಗಿಂತ ಚಿಕ್ಕವನು, ಇದೇ ಗಣಿಯ ಕಾರ್ಮಿಕ. ಗಣಿಯವರ ಕುಲದೇವತೆಯಂತಿರುವ ಸಂತ ಬಾರ್ಬರಾಳನ್ನು ಚರ್ಚಿನವರು ಹುಬ್ಬು ಗಂಟಿಕ್ಕುವ ಹಾಗೆ ಮೈತುಂಬಿದ ಬತ್ತಲೆ ಹೆಣ್ಣಾಗಿ ಬರೆದ. ಪೂರ್ವದೇಶಗಳ ಧರ್ಮಗಳನ್ನು ಆಸೆಯಿಂದ ಓದಿದವನಾದ್ದರಿಂದ ಅವನ ಹೆಣ್ಣುಗಳಲ್ಲಿ ಕೆಲವರು ನಮ್ಮ ದೇವಿಯರ ನೆಂಟರ ಹಾಗೆ ಕಾಣುತ್ತಾರೆ. ಹಿಂದೆ ಮಾತ್ರ ಅದೇ ಗಣಿ, ಅದೇ ಕಾರ್ಮಿಕರ ಮನೆಗಳ ಸಾಲು.

ಈಗ ಲೆಕ್ಕ ಹಾಕಿ. ಒಬ್ಬ ಎರಡು ಭಾಷೆಯ ಸೀಮೆಯಲ್ಲಿ ಕೂತು ರಹಸ್ಯ ಪಂಥಗಳ ಗ್ರಂಥ ಓದಿದವನು. ಒಬ್ಬ ತನ್ನ ಊರನ್ನೇ ಜೀವಮಾನದ ವಸ್ತು ಮಾಡಿಕೊಂಡವನು. ಒಬ್ಬ ಕ್ಯಾಥೊಲಿಕ್ ಸಂತಳನ್ನೂ ಪೂರ್ವದ ದೇವಿಯನ್ನೂ ಒಂದೇ ಚೌಕಟ್ಟಿಗೆ ತಂದವನು. ಇದರಲ್ಲಿ ಮುಗ್ಧತೆ ಎಲ್ಲಿದೆ?

5

ವಿಲ್ಸನ್ ಬಾವಿಯ ಬಳಿ ಇರುವ ಗ್ಯಾಲರಿಗೂ ಅದೇ ಹೆಸರು. ಅದೇ ತ್ಸಿಲ್‌ಮಾನ್ ಸಂಬಂಧಿಗಳು ನಕ್ಷೆ ಹಾಕಿದ ಗಣಿ ಕಟ್ಟಡ. ಕಾರ್ಮಿಕರು ಕೆಳಗಿಳಿಯುವ ಮುಂಚೆ ಸೇರುತ್ತಿದ್ದ ಹಜಾರ, ಮೇಲೆ ಬಂದ ಮೇಲೆ ಮೈ ತೊಳೆಯುತ್ತಿದ್ದ ಸ್ನಾನದ ಮನೆ. ಈ ಸೀಮೆಯ ಗಣಿಗಳಲ್ಲಿ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೆತ್ತಿದ ಒಂದು ಲೋಹದ ಬಿಲ್ಲೆ. ಪಾಳಿ ಮುಗಿದ ಮೇಲೆ ಬಿಲ್ಲೆ ವಾಪಸ್ ಬರದಿದ್ದರೆ ಆ ಮನುಷ್ಯ ಇನ್ನೂ ನೆಲದೊಳಗಿದ್ದಾನೆ ಎಂದರ್ಥ. ಗಣಿಯ ಈ ಭಾಗದಲ್ಲಿ ಕೆಲಸ ನಿಂತ ಮೇಲೆ, 1990ರ ದಶಕದ ಕೊನೆಯಲ್ಲಿ, ಇದು ಖಾಸಗಿ ಗ್ಯಾಲರಿಯಾಯಿತು. ಪೋಲೆಂಡಿನ ಅತಿ ದೊಡ್ಡ ಖಾಸಗಿ ಗ್ಯಾಲರಿಗಳಲ್ಲಿ ಇದೂ ಒಂದು. 2008ರಿಂದ ಇಲ್ಲಿ ಬೇಸಿಗೆಯಲ್ಲಿ 'ಮುಗ್ಧ ಕಲೆ'ಯ ಅಂತರರಾಷ್ಟ್ರೀಯ ಉತ್ಸವ ನಡೆಸಿದ್ದಾರೆ. ಬೇರೆ ಬೇರೆ ದೇಶಗಳ ಶಾಲೆ ಕಾಣದ ಚಿತ್ರಕಾರರ ಕೆಲಸ ಇಲ್ಲಿಗೆ ಬಂದಿದೆ. ವಿಯೆಚೊರೆಕ್ ಗಣಿ 2018ರಲ್ಲಿ ಪೂರ್ತಿ ನಿಂತಿತು. ಗಣಿ ಹೋಯಿತು, ಚಿತ್ರ ಉಳಿಯಿತು.

ಗ್ಯಾಲರಿಯ ಬಗ್ಗೆ ನನಗೆ ದೂರಿಲ್ಲ. ಬಿದ್ದುಹೋಗಬಹುದಾಗಿದ್ದ ಗಣಿ ಕಟ್ಟಡವನ್ನು ನಿಲ್ಲಿಸಿದ್ದಾರೆ, ದುಡಿಯುವವರ ಚಿತ್ರಗಳನ್ನು ಎತ್ತರದ ಗೋಡೆಗೆ ತಂದಿದ್ದಾರೆ. ಅದು ಸಣ್ಣ ಕೆಲಸವಲ್ಲ. ನನ್ನ ತಕರಾರು ಆ ಪದದ ಜೊತೆ. ಪದಕ್ಕೆ ತನ್ನದೇ ಚರಿತ್ರೆ ಇದೆ. ಪ್ಯಾರಿಸ್ಸಿನಲ್ಲಿ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಆನ್ರಿ ರೂಸೊ (1844–1910) ಎಂಬ ಚಿತ್ರಕಾರನ ಸುತ್ತ ಈ ಮಾತು ಬೆಳೆಯಿತು. ಹೊಸ ಕಲೆಯ ಪಂಡಿತರಿಗೆ ಶಾಸ್ತ್ರೀಯ ಕಲಾಶಾಲೆಗಳ ಮೇಲೆ ಸಿಟ್ಟಿತ್ತು. ಅದಕ್ಕೆದುರಾಗಿ ಕಲಿಯದವನ ಕೈಯನ್ನು ಎತ್ತಿ ಹಿಡಿದರು. ಕಲಿಯದವನು ಎಂದ ಮೇಲೆ ಅವನಿಗೆ ಯೋಚನೆಯೂ ಇಲ್ಲ ಎಂಬುದು ತಾನಾಗಿ ಸೇರಿಕೊಂಡಿತು. ಹೊಗಳಿಕೆಯ ಒಳಗೇ ಕೀಳು ಮಾಡುವುದು ಇರುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಪೋಲೆಂಡಿನಲ್ಲೇ ಇನ್ನೊಬ್ಬನಿದ್ದಾನೆ, ನಿಕಿಫೋರ್ (1895–1968). ಕ್ರಿನಿಟ್ಸಾ ಎಂಬ ಊರಿನ ಬೀದಿಯಲ್ಲಿ ಕೂತು ಸಣ್ಣ ಸಣ್ಣ ಜಲವರ್ಣ ಬರೆದು ಮಾರುತ್ತಿದ್ದ ಬಡವ. 'ಮುಗ್ಧ' ಕಲೆಯ ದೊಡ್ಡ ಹೆಸರು. ಇವನು ಲೆಮ್ಕೊ ಎಂಬ ಅಲ್ಪಸಂಖ್ಯಾತ ಜನದವನು. 1947ರಲ್ಲಿ ಸರ್ಕಾರ ಆ ಜನರನ್ನೆಲ್ಲ ಅವರ ನೆಲದಿಂದ ಎಬ್ಬಿಸಿ ದೇಶದ ಇನ್ನೊಂದು ಮೂಲೆಗೆ ಸಾಗಿಸಿತು. ಇವನನ್ನೂ ಸಾಗಿಸಿದರು. ಅವನು ಮತ್ತೆ ನಡೆದುಕೊಂಡು ತನ್ನೂರಿಗೆ ಬಂದ. ಅವನ ನಿಜವಾದ ಹೆಸರು ಎಪಿಫಾನಿಯುಶ್ ದ್ರೋವ್ನ್ಯಾಕ್. ಇದನ್ನು ನ್ಯಾಯಾಲಯ ಒಪ್ಪಿದ್ದು 2003ರಲ್ಲಿ, ಅವನು ಸತ್ತು 35 ವರ್ಷ ಆದ ಮೇಲೆ. 'ಮುಗ್ಧ' ಅನ್ನೋ ಪದ ಅಂಟಿಸಿದ ಕೂಡಲೆ ಗಡೀಪಾರು, ಬಡತನ, ಕಳೆದುಹೋದ ಹೆಸರು, ಎಲ್ಲ ಚಿತ್ರದ ಹಿಂದಕ್ಕೆ ಸರಿದುಬಿಡುತ್ತವೆ. ಮುಂದೆ ಉಳಿಯುವುದು ಬಣ್ಣದ ಚೆಂದ ಒಂದೇ. ಪದ ಮಾಡುವ ಕೆಲಸ ಇದೇ. ಚಿತ್ರವನ್ನು ಇಟ್ಟುಕೊಂಡು ಚಿತ್ರಕಾರನ ರಾಜಕೀಯವನ್ನೂ ಬುದ್ಧಿಯನ್ನೂ ಬಾಗಿಲ ಹೊರಗೆ ನಿಲ್ಲಿಸುತ್ತದೆ.

ಕಮ್ಯುನಿಸ್ಟ್ ಸರ್ಕಾರಕ್ಕೂ ಇವರ ಬುದ್ಧಿ ಬೇಕಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಕಾರ್ಮಿಕ ಚಿತ್ರ ಬರೆಯುತ್ತಾನೆ ಅನ್ನೋದು ಪ್ರಚಾರಕ್ಕೆ ಬೇಕಿತ್ತು. ಆದರೆ 1949ರಿಂದ ಸಮಾಜವಾದಿ ವಾಸ್ತವವಾದವೇ ಅಧಿಕೃತ ಕಲೆಯಾಯಿತು. ಶನಿಗ್ರಹದ ಮೃಗ ಬರೆಯುವ ಕಾರ್ಮಿಕ ಆ ಕಲೆಯೊಳಗೆ ಎಲ್ಲಿ ಕೂರಬೇಕು? ಒಂದು ಕಡೆ ಮುಗ್ಧನಾಗು ಎನ್ನುವವರು, ಇನ್ನೊಂದು ಕಡೆ ಮಾದರಿ ಕಾರ್ಮಿಕನಾಗು ಎನ್ನುವವರು. ನಮ್ಮ ಲೇಖಕರಿಗೂ ಇದು ಹೊಸದಲ್ಲ. ನಮ್ಮ ಚಳವಳಿಯೊಳಗೇ 'ಇದು ಹೋರಾಟಕ್ಕೆ ಎಷ್ಟು ಉಪಯೋಗ' ಅಂತ ಕೇಳಿ ಕವಿತೆಯನ್ನು ಪಕ್ಕಕ್ಕಿಟ್ಟವರು ಇದ್ದಾರೆ.

6

ಹಾಗಂತ ಸಿಲೇಸಿಯಾದ ಗಣಿ ಕಾರ್ಮಿಕನನ್ನೂ ದಲಿತನನ್ನೂ ಒಂದೇ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವನು ದಿನಾ ಕಪ್ಪಾದ, ಆದರೆ ತೊಳೆದರೆ ಹೋಗುವ ಕಪ್ಪು ಅದು. ಒಂದೇ ಸ್ನಾನದ ಮನೆಯಲ್ಲಿ ಎಲ್ಲರೂ ಮಿಂದರು, ಒಂದೇ ಒಲೆಯಲ್ಲಿ ಎಲ್ಲರ ರೊಟ್ಟಿಯೂ ಬೆಂದಿತು, ಚರ್ಚಿನ ಒಳಗೆ ಅವನಿಗೆ ಜಾಗವಿತ್ತು. ಜಾತಿ ಎನ್ನುವುದು ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರನ್ನೇ ಮೇಲೆಕೆಳಗೆ ವಿಭಜಿಸುವುದು ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿದ್ದರು. ಆ ವಿಭಜನೆ ನಿಕಿಶೋವಿಯೆಟ್ಸ್‌ನ ಇಟ್ಟಿಗೆಯಲ್ಲಿಲ್ಲ.

ನಮ್ಮ ಗಣಿಯಲ್ಲಿ ಅದಿದೆ. ಕೋಲಾರದ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. ನೆಲದೊಳಗೆ ಇಳಿದವರಲ್ಲಿ ಬಹುಪಾಲು ಜನ ಆಗಿನ ಮದ್ರಾಸ್ ಪ್ರಾಂತ್ಯದ ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಬಿಳಿಯರಿಗೆ ಬಂಗಲೆ, ಕ್ಲಬ್ಬು. ಇವರಿಗೆ 'ಲೈನು'ಗಳು: ಬಿದಿರು ತಟ್ಟಿಯ ಗೋಡೆ, ತಗಡಿನ ಸೂರು. 1902ರಲ್ಲಿ ಶಿವನಸಮುದ್ರದಿಂದ ಗಣಿಯ ಯಂತ್ರಗಳಿಗೆ ವಿದ್ಯುತ್ ಬಂತು. ಅಷ್ಟು ಆಧುನಿಕವಾದ ಗಣಿಯಲ್ಲಿ ಕಾರ್ಮಿಕನ ಮನೆಗೆ ಮಾತ್ರ ಬಿದಿರೇ ಗತಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಿಕಿಶೋವಿಯೆಟ್ಸ್ ಸ್ಮಾರಕವಾದದ್ದಕ್ಕೆ ಒಂದು ಕಾರಣ ಅಲ್ಲಿಯ ಯಜಮಾನ ಇಟ್ಟಿಗೆಯಲ್ಲಿ ಕಟ್ಟಿದ್ದ ಎನ್ನುವುದು. ತಟ್ಟಿಯ ಗೋಡೆ ಸ್ಮಾರಕವಾಗುವುದಿಲ್ಲ. ಆದ್ದರಿಂದ ಕಟ್ಟಡದ ಚೆಂದವನ್ನೇ ಅಳತೆಗೋಲು ಮಾಡಿಕೊಂಡರೆ ನಮ್ಮ ಜನರ ಚರಿತ್ರೆ ಯಾವತ್ತೂ ಪಟ್ಟಿಗೆ ಬರುವುದಿಲ್ಲ.

ಆದರೆ ಆ ತಟ್ಟಿ ಮನೆಗಳಲ್ಲಿ ಯೋಚನೆ ಇರಲಿಲ್ಲವೆ? ಇತ್ತು, ಅಚ್ಚಾಗಿಯೂ ಇತ್ತು. ಅಯೋತಿ ದಾಸರ (1845–1914) ಬೌದ್ಧ ಸಂಘದ ಶಾಖೆ ಕೆಜಿಎಫ್‌ನ ಮಾರಿಕುಪ್ಪಂನಲ್ಲಿತ್ತು. ಅವರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆಯನ್ನು ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಕೆಜಿಎಫ್‌ನಿಂದ ಮತ್ತೆ ಹೊರತಂದರು. ಅವರ ಪುಸ್ತಕಗಳನ್ನು ಅಚ್ಚು ಹಾಕಿದ್ದೂ ಅಲ್ಲಿಯ ಸಿದ್ಧಾರ್ಥ ಮುದ್ರಣಾಲಯ. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ನಾವೇನು ಕಳ್ಳರೆ ಎಂಬ ಸಿಟ್ಟಿನಿಂದ ಜನ ಮುಷ್ಕರ ಹೂಡಿದರು. ಬೌದ್ಧ ಧರ್ಮದ ಬಗ್ಗೆ ವಾದ ಮಾಡುತ್ತಿದ್ದ, ಪತ್ರಿಕೆ ನಡೆಸುತ್ತಿದ್ದ, ಬೆರಳಚ್ಚಿನ ಅರ್ಥ ತಿಳಿದಿದ್ದ ಜನ ಅವರು. ಅವರ ಬರಹ ತಮಿಳಿನಲ್ಲಿದೆ ಎಂಬ ಕಾರಣಕ್ಕೆ ಕನ್ನಡದ ದಲಿತ ವಿಮರ್ಶೆ ಅದನ್ನು ತನ್ನ ಪೂರ್ವಿಕರ ಸಾಲಿಗೆ ಸೇರಿಸಿಕೊಳ್ಳಲಿಲ್ಲ. 2018 ಮತ್ತು 2022ರಲ್ಲಿ ಕೆಜಿಎಫ್ ಎಂಬ ಹೆಸರು ಕನ್ನಡದ ಎರಡು ಸಿನಿಮಾಗಳಿಂದ ದೇಶವೆಲ್ಲ ಗೊತ್ತಾಯಿತು. ಅವುಗಳಲ್ಲಿ ಗಣಿ ಇದೆ, ಗುಲಾಮರಿದ್ದಾರೆ, ಅವರನ್ನು ಉದ್ಧಾರ ಮಾಡುವ ನಾಯಕನೂ ಇದ್ದಾನೆ. ಪತ್ರಿಕೆ ನಡೆಸಿದ ಕಾರ್ಮಿಕನಿಲ್ಲ. ಅದೇ ಗಣಿಯ ಮೇಲೆ 2024ರಲ್ಲಿ ತಮಿಳಿನಲ್ಲಿ 'ತಂಗಲಾನ್' ಮಾಡಿದ ಪಾ. ರಂಜಿತ್ ದಲಿತ ಚರಿತ್ರೆಯ ಕಡೆಯಿಂದ ನೋಡಲು ಹೊರಟರು.

ಕಾಟೊವಿಟ್ಸೆಯಿಂದ ನಮ್ಮ ವಿಮರ್ಶೆ ತೆಗೆದುಕೊಳ್ಳಬಹುದಾದದ್ದು ಇಷ್ಟು. ಕೃತಿ ಕೈಗೆ ಬಂದಾಗ ಅನುಭವ ಎಷ್ಟು ಹಸಿಯಾಗಿದೆ ಎಂದು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಇದನ್ನು ಬರೆದವರು ಏನೇನು ಓದಿದ್ದರು, ಯಾರ ಬಾಯಿಂದ ಏನು ಕೇಳಿದ್ದರು? ರೂಪದ ಬಗ್ಗೆ ಅವರು ಮಾಡಿದ ಆಯ್ಕೆ ಯಾವುದು, ಯಾವುದನ್ನು ಬೇಡ ಎಂದು ಬಿಟ್ಟರು? ಇದಕ್ಕೆ ಅಂಟಿಸಿದ ಹೆಸರು ಯಾರು ಕೊಟ್ಟದ್ದು, ಅದರಿಂದ ಮರೆಯಾದದ್ದು ಏನು? ಒಚೆಪ್ಕಾನ ಪುಸ್ತಕದ ಕಪಾಟು ಗೊತ್ತಾದ ಮೇಲೆ ಅವನ ಕಾಡು ಬೇರೆಯಾಗಿ ಕಾಣುತ್ತದೆ. ನಮ್ಮ ಹಾಡುಗಾರ್ತಿಯರ, ಕವಿಗಳ, ಆತ್ಮಕಥೆಗಾರರ ಪುಸ್ತಕದ ಕಪಾಟನ್ನೂ ಕಿವಿಯ ಕಪಾಟನ್ನೂ ಹುಡುಕುವ ಕೆಲಸ ಇನ್ನೂ ಬಹಳ ಇದೆ.

ಅದರಲ್ಲಿ ಒಂದನ್ನಾದರೂ ಈಗಲೇ ಶುರು ಮಾಡಬಹುದು. ಕೆಜಿಎಫ್‌ನ ಹಳೆಯ ಲೈನುಗಳಲ್ಲಿ ಗಣಿ ಇಳಿದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಹಲವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಮರಳುತ್ತಾರೆ. ತಮಿಳು ಬಲ್ಲ ಗೆಳೆಯರು, ಕನ್ನಡ ವಿದ್ಯಾರ್ಥಿಗಳು ಜೊತೆಗೂಡಿ ಮನೆಮನೆಗಳಲ್ಲಿ ಉಳಿದಿರಬಹುದಾದ ಪತ್ರಿಕೆ, ಕರಪತ್ರ, ಹಾಡಿನ ಪುಸ್ತಕ, ಫೋಟೋಗಳನ್ನು ಗುರುತು ಹಾಕಿಕೊಳ್ಳಲಿ. ಎತ್ತಿಕೊಂಡು ಬರುವುದು ಬೇಡ, ಅವು ಆ ಮನೆಯವರವು. ಪ್ರತಿ ಮಾಡಿಕೊಂಡು, ಅನುವಾದಿಸಿ, ಅವರ ಹೆಸರಿನಲ್ಲೇ ಅಚ್ಚು ಹಾಕೋಣ. ವಿಮರ್ಶೆ ಆಮೇಲೆ ಬರೆಯಬಹುದು.